ಟೋಕನ್ ನಂಬರ್ 417

ಇಪ್ಪತ್ತು ಕಂಪ್ಯೂಟರ್ ಸೋಮವಾರ ಮಾಯಕೊಂಡದ ಇಪ್ಪತ್ತು ಮನೆಗಳಿಗೆ ಹೋಗಬೇಕಿತ್ತು. ಶುಕ್ರವಾರವಾದರೂ ಅವನ್ನು ಮಾಡುವ ಕಂಪನಿಗೆ ಹೆಸರಿರಲಿಲ್ಲ.

ನಿಟ್ಟುವಳ್ಳಿಯ ಬಾಡಿಗೆ ಮಳಿಗೆಯಲ್ಲಿ ಬಿಂದು ಮತ್ತು ಖುದ್ದೂಸ್ ಎಂಟು ತಿಂಗಳು ಕೂತು ರೂಪಿಸಿದ ಯಂತ್ರವದು. ಕೀಬೋರ್ಡಿನ ಹೊಟ್ಟೆಯಲ್ಲೇ ಕಂಪ್ಯೂಟರ್. ಮನೆಯ ಟಿವಿಗೆ ಸಿಕ್ಕಿಸಿದರೆ ಮುಗಿಯಿತು. ಅಷ್ಟು ದಿನ ಒಮ್ಮೆಯೂ ಜಗಳವಾಡದವರು ಹೆಸರಿನ ಮಾತು ಬಂದೊಡನೆ ಮುಖ ತಿರುಗಿಸಿಕೊಂಡರು. ಬಿಂದುವಿಗೆ ‘ಅಂಗಳ’ ಬೇಕು. ರಂಗೋಲಿ ಪುಡಿ ಮಾರುವವರ ಹೆಸರಿದ್ದಂತಿದೆ ಎಂದ ಖುದ್ದೂಸ್. ಅವನ ‘ಸ್ಟಾರ್‌ಟೆಕ್’ ಕೇಳಿ, ಮಿಕ್ಸಿ ರಿಪೇರಿ ಅಂಗಡಿಗೆ ಸರಿ ಎಂದಳು ಬಿಂದು. ಹೆಸರು ಒಪ್ಪಿಗೆಯಾಗುವ ತನಕ ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕುವುದಿಲ್ಲವೆಂದು ಅವನು ಪೆನ್ನು ಜೇಬಿಗಿಟ್ಟ. ಸಹಿಯಿಲ್ಲದೆ ಕಂಪನಿಯಿಲ್ಲ, ಕಂಪನಿಯಿಲ್ಲದೆ ಮಾಯಕೊಂಡದವರಿಗೆ ಬಿಲ್ಲೂ ಇಲ್ಲ, ಗ್ಯಾರಂಟಿಯೂ ಇಲ್ಲ.

ಶನಿವಾರ ಬೆಳಿಗ್ಗೆ ಹರಿಹರದಿಂದ ಲಗೇಜ್ ಆಟೋದಲ್ಲಿ ಯಂತ್ರದ ತಗಡಿನ ಬಾಡಿಗಳು ಬಂದವು. ಜೊತೆಗೆ ಅವನ್ನು ಮಾಡಿದ ಮಲ್ಲೇಶಪ್ಪ. ಈಗಿಲ್ಲದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವರು, ಬಿಂದುವಿಗೆ ದೂರದ ದೊಡ್ಡಪ್ಪ. ಅವಳು ಮೊದಲ ಬಾಡಿ ಎತ್ತಿ ನೋಡಿದಳು. ಬಲಮೂಲೆಯಲ್ಲಿ, ಹೆಸರಿಗೆಂದು ಖಾಲಿ ಬಿಡಿಸಿದ್ದ ಜಾಗದಲ್ಲಿ, 417 ಎಂದು ಆಳವಾಗಿ ಅಚ್ಚು ಕೂತಿತ್ತು. ಇನ್ನೊಂದರಲ್ಲೂ ಅದೇ. ಇಪ್ಪತ್ತರಲ್ಲೂ ಅದೇ.

“ಏನಿದು ದೊಡ್ಡಪ್ಪ?”

“ನನ್ನ ಟೋಕನ್ ನಂಬರು, ಫ್ಯಾಕ್ಟ್ರಿಯಾಗೆ ಕೊಟ್ಟಿದ್ದು. ಡ್ರಾಯಿಂಗ್‌ನಾಗೆ ನೀನೇ ಚೌಕ ಹಾಕಿ ಖಾಲಿ ಬಿಟ್ಟಿದ್ದಿಯಲ್ಲವ್ವ. ನಮ್ಮ ಫ್ಯಾಕ್ಟ್ರಿಯಾಗೆ ಖಾಲಿ ಚೌಕ ಅಂದ್ರೆ ಮಾಡಿದೋನು ತನ್ನ ನಂಬರು ಪಂಚ್ ಹೊಡಿಯೋ ಜಾಗ.”

ತಪ್ಪು ಅವರದಲ್ಲವೆಂದು ಬಿಂದುವಿಗೆ ಗೊತ್ತಿತ್ತು. ಚೌಕದೊಳಗೆ ಏನೂ ಬರೆಯದೆ ಕಳಿಸಿದವಳು ಅವಳೇ. ಉಜ್ಜಿ ತೆಗೆದರೆ ತಗಡು ತೆಳ್ಳಗಾಗುತ್ತದೆ. ಹೊಸದಕ್ಕೆ ಹತ್ತು ದಿನ ಬೇಕು. ಖುದ್ದೂಸ್ ನಗು ತಡೆಯಲಾರದೆ ಬಾಗಿಲಾಚೆ ಹೋಗಿ ನಿಂತ. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಅವನೇ ಕೇಳಿದ.

“ಈ ಪಂಚ್ ಯಾಕ ಹೊಡೀತಿದ್ರಿ?”

“ಕೆಟ್ರೆ ಯಾರ ಹತ್ರ ಬರಬೇಕು ಅಂತ ಗೊತ್ತಾಗಬೇಕಲ್ಲಪ್ಪ. ನಂಬರಿಲ್ಲದ ಪೀಸು ಯಾರದೂ ಅಲ್ಲ.”

ಬಿಂದು ಬಾಡಿಯನ್ನು ಕೆಳಗಿಡಲಿಲ್ಲ. ಮಾಯಕೊಂಡದಲ್ಲಿ ಯಂತ್ರ ತೋರಿಸಲು ಹೋದಾಗ ಇಪ್ಪತ್ತು ಮನೆಗಳಲ್ಲೂ ಎದುರಾದದ್ದು ಇದೇ ಪ್ರಶ್ನೆ: ಕೆಟ್ಟರೆ ಯಾರನ್ನು ಕೇಳೋಣ? ಕಂಪನಿಯ ಹೆಸರನ್ನು ಒಬ್ಬರೂ ಕೇಳಿರಲಿಲ್ಲ. ಅವಳು ಖುದ್ದೂಸನತ್ತ ನೋಡಿದಳು. ಅವನು ಜೇಬಿನಿಂದ ಪೆನ್ನು ತೆಗೆಯುತ್ತಿದ್ದ.

ಕಂಪನಿಯ ಹೆಸರು ‘417 ಕಂಪ್ಯೂಟರ್ಸ್’ ಎಂದು ಕೇಳಿ ಮಲ್ಲೇಶಪ್ಪ ಗಾಬರಿಯಾದರು. ತಮ್ಮ ನಂಬರೆಂದ ಮೇಲೆ ದೂರೆಲ್ಲ ತಮ್ಮ ತಲೆಗೇ ಬರುತ್ತದೆ ಎಂಬುದು ಅವರ ಆತಂಕ. ಹಾಗಾದರೆ ಪಾಲೂ ಇರಲಿ ಎಂದ ಖುದ್ದೂಸ್. ಬಿಂದು ಪತ್ರವನ್ನು ಮತ್ತೆ ಟೈಪ್ ಮಾಡಿದಳು: ಪಾಲುದಾರರು ಮೂವರು.

ಮಲ್ಲೇಶಪ್ಪ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. ಸಹಿ ಹಾಕಿ, ಮೂವತ್ತೊಂದು ವರ್ಷದ ರೂಢಿಯಂತೆ ಅದರ ಕೆಳಗೆ ನಂಬರನ್ನೂ ಬರೆದರು.