ಸರದಾರ ಗಲ್ಲಿಯ ಮಾಳಿಗೆ ಹತ್ತಿದ ಕುರಿಗಳು

ಕುರಿ ಕಾಯುವವರ ದೇವರು ಬೀರಪ್ಪನ ಭಂಡಾರ ಹಣೆಗೆ ಹಚ್ಚಿಕೊಂಡು ಹೇಳುವ ಮಾತಿದು, ಇದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಎಲ್ಲಾದರೂ ಸ್ವಲ್ಪ ಹೆಚ್ಚಾಗಿ ಕಂಡರೆ ಅದು ಕುರಿಗಳ ತಪ್ಪು, ಹೇಳುವವನದಲ್ಲ.

ಸೋನ್ಯಾಳದ ಹಾಲವ್ವನಿಗೆ ಇದ್ದದ್ದು ಒಂದೇ ಆಸೆ. ಬಂಗಾರ ಬೇಡ, ರೇಶಿಮೆ ಸೀರೆ ಬೇಡ. ಜತ್ತದ ಸರದಾರ ಗಲ್ಲಿಯಲ್ಲಿ ಇರಲು ಒಂದು ಖೋಲಿ, ಒಂದೇ ಒಂದು ಕೋಣೆ ಬೇಕು. ವರ್ಷದಲ್ಲಿ ಎಂಟು ತಿಂಗಳು ಗಂಡ ಲಗಮಣ್ಣನ ಕುರಿಗಳ ಹಿಂದೆ ಹೊಲದಿಂದ ಹೊಲಕ್ಕೆ ಅಲೆದವಳು ಅವಳು. ಸಂತೆಗೆ ಕಂಬಳಿ ಮಾರಲು ಬಂದಾಗಲೆಲ್ಲ ಆ ಗಲ್ಲಿಯ ಕಲ್ಲುಕಟ್ಟೆಯ ಮೇಲೆ ಒಂದು ಗಳಿಗೆ ಕೂತೇ ಹೋಗುತ್ತಿದ್ದಳು.

ಗಲ್ಲಿ ಅಂದರೆ ಅಂಥಿಂಥ ಗಲ್ಲಿಯಲ್ಲ. ಸಂಸ್ಥಾನದ ಕಾಲದಲ್ಲಿ ಸರದಾರರು ಕಟ್ಟಿಸಿದ ವಾಡೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಗೋಡೆ ಎಷ್ಟು ದಪ್ಪವೆಂದರೆ, ಒಳಗೆ ಸೋಮವಾರ ಕೂಗಿದ್ದು ಹೊರಗೆ ಬುಧವಾರ ಕೇಳಿಸುತ್ತಿತ್ತು. ಬಾಗಿಲ ಚೌಕಟ್ಟಿನಲ್ಲಿ ಕೆತ್ತಿದ ಗಿಳಿಗಳು ಪೇರಲ ಹಣ್ಣು ಮಾರುವವಳು ಬಂದರೆ ಕತ್ತು ತಿರುಗಿಸುತ್ತಿದ್ದವು. ಬೇಸಿಗೆಯಲ್ಲಿ ಊರೆಲ್ಲ ಹಂಚಿನ ಮೇಲಿನ ರೊಟ್ಟಿಯಾದರೆ, ಆ ವಾಡೆಗಳ ಒಳಗೆ ಮುದುಕರು ಶಾಲು ಹೊದ್ದು ಸೀನುತ್ತಿದ್ದರು. ಅಲ್ಲಿಯ ನಾಯಿ ಕೂಡ ಮೊದಲು ಕೆಮ್ಮಿ ಆಮೇಲೆ ಬೊಗಳುತ್ತಿತ್ತು. ಹಾಲವ್ವನಿಗೆ ಇದೆಲ್ಲಕ್ಕಿಂತ ಹಿಡಿಸಿದ್ದು ಬೇರೆಯೇ. ಆ ಗಲ್ಲಿಯ ಹೆಂಗಸರು ಸಂಜೆ ಕಟ್ಟೆಗೆ ಕೂತರೆ, ನಾಳೆ ಸಂಜೆಯೂ ತಮಗೆ ಅದೇ ಕಟ್ಟೆ ಎಂದು ಅವರಿಗೆ ಗೊತ್ತಿರುತ್ತಿತ್ತು.

ಕೊಯ್ನಾ ಭೂಕಂಪದಲ್ಲಿ ಜತ್ತವೂ ಅಲುಗಾಡಿತಲ್ಲ, ಅದರ ಮರುವರ್ಷದ ಮಾತು. ಗಲ್ಲಿಯ ದೊಡ್ಡ ವಾಡೆಯ ಯಜಮಾನ ಬಾಳಾಸಾಹೇಬರ ತಲೆಯ ಮೇಲಿನ ಮಣ್ಣಿನ ಮಾಳಿಗೆ ಬಿರುಕು ಬಿಟ್ಟಿತ್ತು. ಬೇಸಿಗೆಯ ಮೊದಲ ಅಡ್ಡಮಳೆಗೇ ಅವರು ಕೊಡೆ ಹಿಡಿದು ಊಟಕ್ಕೆ ಕೂಡಬೇಕಾಯಿತು. ಎಷ್ಟು ಉಂಡರೂ ಬಟ್ಟಲಿನ ಸಾರು ಮುಗಿಯುತ್ತಿರಲಿಲ್ಲ; ಮೇಲಿನಿಂದ ಮತ್ತೆ ತುಂಬುತ್ತಿತ್ತು.

"ಸಾಕಾತವ್ವ ಹಾಲವ್ವ," ಅಂದರು ಅವರು, ಸಂತೆಯ ದಿನ ಕಟ್ಟೆಗೆ ಕೂತವಳಿಗೆ. "ಬಸ್ ಸ್ಟ್ಯಾಂಡಿನ ಕಡೆ ಸಿಮೆಂಟಿನ ಮನಿ ನೋಡೇನಿ. ಈ ವಾಡೇಕ ಕೀಲಿ ಹಾಕಾಂವ."

"ಇಂಥಾ ವಾಡೆ ಬಿಟ್ಟು ಸಿಮೆಂಟಿನ ಪೆಟಗಿಯೊಳಗ ಹೋಗಿ ಕುಂದರ್ತೀರಿ?"

"ಮತ್ತೇನ ಮಾಡ್ಲಿ? ಮಾಳಗಿ ಮಣ್ಣ ಬಡಿಯೋ ಮಂದಿ ಎಲ್ಲಿ ಉಳದಾರ?"

ಹಾಲವ್ವ ಕಟ್ಟೆಯಿಂದ ಎದ್ದು ನಿಂತಳು. "ನಾ ಬಡಸ್ತೀನ್ರಿ. ಮಳಿಗಾಲ ಹಿಡಿಯೂದ್ರಾಗ ಗಟ್ಟಿ ಮಾಡಿ ಕೊಟ್ರ, ಮುಂದಿನ ಖೋಲಿ ನನಗ ಕೊಡ್ತೀರೇನ್ರಿ?"

"ಒಂದ ಹನಿ ಸೋರಲಿಲ್ಲಂದ್ರ ಖೋಲಿ ನಿಂದ. ಸೋರ್ತಂದ್ರ ನಾ ಸ್ಟ್ಯಾಂಡಿಗಿ, ನೀ ಸೋನ್ಯಾಳಕ್ಕ."

ಪಕ್ಕದ ವಾಡೆಯ ಕಿಟಕಿಯಿಂದ ಇಂದ್ರಾಬಾಯಿ ಇಣುಕಿದಳು. ಜೋಳದ ವ್ಯಾಪಾರದ ಮನೆಯವಳು, ಗಲ್ಲಿಯ ಮರ್ಯಾದೆಯೆಲ್ಲ ತನ್ನ ಸೆರಗಿನ ಗಂಟಿನಲ್ಲಿದೆ ಎಂದು ತಿಳಿದವಳು.

"ಬಾಳಾಸಾಹೇಬ್ರ, ಈ ಗಲ್ಲಿಗಿ ಇವತ್ತಿನ ತನಕ ಕುರಿ ವಾಸನಿ ಬಂದಿಲ್ರಿ. ವಿಚಾರ ಮಾಡ್ರಿ."

ಹಾಲವ್ವ ವಿಚಾರ ಮಾಡಿಯೇ ಮಾತಾಡಿದ್ದಳು. ನಾಲ್ಕು ದಿನ ಕುರಿ ತುಳಿದ ಹಟ್ಟಿಯ ನೆಲಕ್ಕೆ ಗುದ್ದಲಿ ಹಾಕಿದರೆ ಗುದ್ದಲಿಯೇ ಅಳುತ್ತದೆ. ಆ ನೆಲದ ಗಟ್ಟಿತನ ಅವಳ ಬೆನ್ನಿಗೆ ಗೊತ್ತಿತ್ತು. ಗಂಡನಿಗೆ ಹೇಳಿದಳು.

"ಕುರೀನ ಮಾಳಗಿ ಹತ್ತಸ್ತಾಳಂತ," ಅಂದ ಲಗಮಣ್ಣ. "ನಾಳಿಗಿ ಮಲಗಾಕ ಪಲ್ಲಂಗ ಕೇಳ್ತಾವ."

"ನಿನ್ನ ಬೆನ್ನ ಹತ್ತಿ ಇಪ್ಪತ್ತ ವರ್ಷ ಅಡ್ಡಾಡೀನಿ. ಒಂದ ದಿನ ನೀ ನನ್ನ ಬೆನ್ನ ಹತ್ತ."

ಲಗಮಣ್ಣ ಬುಟ್ಟಿ ಎತ್ತಿಕೊಂಡ. ಇಬ್ಬರೂ ನೀರು ಇಳಿಯಗೊಡದ ಸವಳು ಮಣ್ಣು ಹೊತ್ತು ಮಾಳಿಗೆಗೆ ಹರವಿ ನೀರು ಚಿಮುಕಿಸಿದರು. ಮರುದಿನ ಬೆಳಿಗ್ಗೆ ಇನ್ನೂರು ಕುರಿ ಗಲ್ಲಿಗೆ ಬಂದವು. ಮುಂದೆ ಹಿಂಡಿನ ಹಿರಿಯ ಟಗರು. ಅದು ಹೋದಲ್ಲಿ ಉಳಿದವೆಲ್ಲ ಹೋಗುತ್ತಿದ್ದುದರಿಂದ ಅದಕ್ಕೆ ಮಾಸ್ತರ ಎಂದೇ ಹೆಸರು. ಮಾಳಿಗೆಗೆ ಹೋಗುವ ಇಪ್ಪತ್ತೆರಡು ಮೆಟ್ಟಿಲು ಗೋಡೆಯ ಹೊಟ್ಟೆಯಲ್ಲೇ ಇದ್ದವು. ಮೇಲೆ ಬೆಳಕು ಕಂಡದ್ದೇ ಮಾಸ್ತರ ಹತ್ತಿದ, ಹಿಂಡು ಹತ್ತಿತು. ಎಂಟುನೂರು ಗೊರಸುಗಳ ಸದ್ದಿಗೆ ಅಷ್ಟು ದೂರದ ಬಿಳೂರಿನ ಹೆಂಗಸರು ಗುಡುಗೆಂದು ತಿಳಿದು ಒಣಹಾಕಿದ ಮೆಣಸಿನಕಾಯಿ ಒಳಗಿಟ್ಟರಂತೆ. ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದರಿಂದ ಮಾಸ್ತರ ಇಂದ್ರಾಬಾಯಿಯ ಮಾಳಿಗೆಗೂ ಹೋದ, ಅದರಾಚೆಗೂ ಹೋದ. ಸಂಜೆಯೊಳಗೆ ಗಲ್ಲಿಯ ಅರ್ಧ ನೆತ್ತಿ ಕಲ್ಲಾಗಿತ್ತು.

ತಪ್ಪಾದದ್ದು ಇಳಿಸುವಾಗ. ಬಯಲಲ್ಲೇ ಬೆಳೆದ ಹಾಲವ್ವ ಮೆಟ್ಟಿಲ ಕತ್ತಲೆಯನ್ನು ವಿಚಾರ ಮಾಡಿರಲಿಲ್ಲ. ಮೇಲಿನಿಂದ ನೋಡಿದರೆ ಅದು ಬಾವಿಯ ಹಾಗೆ ಕಪ್ಪಗೆ ಕಾಣುತ್ತಿತ್ತು. ಮಾಸ್ತರ ಒಮ್ಮೆ ಬಗ್ಗಿ ನೋಡಿ ಹಿಂದೆ ಸರಿದ. ಎಳೆದರೂ ಇಲ್ಲ, ನೂಕಿದರೂ ಇಲ್ಲ, ಮೇವು ತೋರಿಸಿದರೂ ಇಲ್ಲ. ಒಂದು ದಿನವಾಯಿತು, ಎರಡು ದಿನವಾಯಿತು. ಸೂರಿನಿಂದ ಹಿಕ್ಕೆ ಉದುರುತ್ತಿತ್ತು. ಗಲ್ಲಿಯ ಜನ ಕೊಡೆ ಹಿಡಿದು ಅಡ್ಡಾಡಿದರು.

"ನಾಳಿಗಿ ಸಂಜಿಯೊಳಗ ಇಳಸು," ಅಂದಳು ಇಂದ್ರಾಬಾಯಿ. "ಇಲ್ಲಂದ್ರ ಖೋಲಿ ಮಾತ ಬಿಡು, ನಿನ್ನ ಈ ಗಲ್ಲಿಯೊಳಗ ಕಾಲ ಇಡಗೊಡಂಗಿಲ್ಲ."

ಬಾಳಾಸಾಹೇಬರು ನೆಲ ನೋಡಿದರು. "ಮಂದಿ ಮಾತ ಮೀರಾಕ ನನಗೂ ಆಗಂಗಿಲ್ಲವ್ವ."

ಮೂರನೆಯ ದಿನ ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟಿತು. ಹಾಲವ್ವ ಮಾಳಿಗೆಯ ಮೇಲೆ ತಲೆ ಹಿಡಿದು ಕೂತಿದ್ದಳು. ಮಾಸ್ತರ ಬಂದು ಅವಳ ಹೆಗಲ ಕಂಬಳಿಗೆ ಮೂತಿ ಒರಸಿದ. ಅವಳಿಗೆ ಹಟ್ಟಿ ನೆನಪಾಯಿತು: ಹೆದರಿದ ಮರಿಯನ್ನು ಕಂಬಳಿಯ ಮೇಲೆ ಬಿಟ್ಟರೆ ತಾಯಿಯ ವಾಸನೆ ಸಿಕ್ಕಂತೆ ಸುಮ್ಮನಾಗುತ್ತಿತ್ತು. ಕಂಬಳಿ ತೆಗೆದು ಮೊದಲ ಮೆಟ್ಟಿಲಿಗೆ ಹಾಸಿದಳು. ಮಾಸ್ತರ ಮೂಸಿದ, ಕಾಲಿಟ್ಟ. ಎರಡನೆಯ ಮೆಟ್ಟಿಲು ಬರಿಗಲ್ಲು. ನಿಂತ.

ಹಾಲವ್ವ ಗಲ್ಲಿಗೆ ಓಡಿ ಬಂದಳು.

"ಎಲ್ಲಾರೂ ಕಂಬಳಿ ತರ್ರಿ. ನಮ್ಮ ಕುರಿ ಉಣ್ಣೀದು, ನನ್ನ ಕಡಿಂದ ತಗೊಂಡದ್ದು. ಇಪ್ಪತ್ತೊಂದ ಬೇಕ್ರಿ."

ಯಾರೂ ಅಲುಗಾಡಲಿಲ್ಲ. ಸರದಾರ ಗಲ್ಲಿಯಲ್ಲಿ ಎಲ್ಲರದೂ ಶಾಲು, ದುಪ್ಪಟಿ. ಕುರಿ ಕಂಬಳಿ ಯಾರ ಮನೆಯಲ್ಲೂ ಇಲ್ಲ ಎಂದು ಎಲ್ಲರೂ ಎಲ್ಲರಿಗೂ ಹೇಳಿಕೊಂಡಿದ್ದರು. ಕಡೆಗೆ ಬಾಳಾಸಾಹೇಬರು ಒಳಗೆ ಹೋಗಿ ಹಾಸಿಗೆಯ ಕೆಳಗಿನಿಂದ ಒಂದು ಎಳೆದು ತಂದರು. ಆಮೇಲೆ ಒಂದು ಬಾಗಿಲು ಕಿರ್ ಅಂದಿತು, ಇನ್ನೊಂದು ಅಂದಿತು. ಅಟ್ಟದಿಂದ, ಟ್ರಂಕಿನಿಂದ, ದೇವರ ಕೋಣೆಯ ಹಿಂದಿನಿಂದ ಕಂಬಳಿಗಳು ಹೊರಬಂದವು. ಇಪ್ಪತ್ತಾದವು. ಒಂದು ಕಡಿಮೆ.

ಎಲ್ಲರೂ ಇಂದ್ರಾಬಾಯಿಯ ಕಡೆ ನೋಡಿದರು.

"ನಮ್ಮನ್ಯಾಗ ಎಲ್ಲೀದು," ಅಂದಳು ಅವಳು.

ಹಾಲವ್ವ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು. "ಕೆಂಪ ಅಂಚಿಂದ್ರಿ ಅವ್ವಾರ. ನಾಕ ಸಂತಿ ಹಿಂದ ಒಯ್ದೀರಿ. ನಡಾ ನೋಯ್ತದಂದಿದ್ರಿ."

ಇಂದ್ರಾಬಾಯಿ ಒಳಗೆ ಹೋದಳು. ಟ್ರಂಕಿನ ಮುಚ್ಚಳ ಬಿದ್ದ ಸದ್ದು ಗಲ್ಲಿಗೆಲ್ಲ ಕೇಳಿಸಿತು. ಕಂಬಳಿ ತಂದು ಕೊನೆಯ ಮೆಟ್ಟಿಲಿಗೆ ತಾನೇ ಹಾಸಿದಳು.

"ಏನ ಮಾಡ್ಲಿ," ಅಂದಳು ಯಾರನ್ನೂ ನೋಡದೆ. "ಇದರಷ್ಟ ಬೆಚ್ಚಗ ಮತ್ಯಾವುದೂ ಆಗಂಗಿಲ್ಲ."

ಮಾಸ್ತರ ಮದುಮಗನ ಹಾಗೆ ಇಳಿದು ಬಂದ, ಹಿಂದೆ ಇನ್ನೂರು ಬೀಗರು. ಕೊನೆಯ ಕುರಿಯ ಬಾಲ ದೊಡ್ಡ ಬಾಗಿಲು ದಾಟಿದ್ದೇ ಬದನೆಕಾಯಿಯಷ್ಟು ದಪ್ಪ ಹನಿಗಳು ಬಿದ್ದವು. ಏಳು ದಿನ ಹೊಡೆಯಿತು. ಏಳು ದಿನವೂ ಬಾಳಾಸಾಹೇಬರು ಕೊಡೆಯಿಲ್ಲದೆ ಉಂಡು, ಬಟ್ಟಲಿನ ತಳ ಕಂಡರು. ಎಂಟನೆಯ ದಿನ ಹಾಲವ್ವನ ಕೈಗೆ ಖೋಲಿಯ ಕೀಲಿ ಕೊಟ್ಟರು.

ಅವತ್ತೇ ಇಂದ್ರಾಬಾಯಿ ಬಂದಳು. "ಮುಂದಿನ ವರ್ಷಾನೂ ಹತ್ತಸ್ತೀ ಹೌದಿಲ್ಲ? ಮೊದಲ ನಮ್ಮ ಮಾಳಗಿ ಮ್ಯಾಲ."

"ಗಲ್ಲಿಯೊಳಗ ಕಾಲ ಇಡಗೊಟ್ರ ಹತ್ತಸ್ತೀನ್ರಿ."

ಇಂದ್ರಾಬಾಯಿ ನಕ್ಕು ಕಟ್ಟೆಯ ಮೇಲೆ ಅವಳ ಪಕ್ಕಕ್ಕೆ ಕೂತಳು. ಸಂಜೆಯಾಯಿತು. ಕುರಿ ಹೊಡೆದುಕೊಂಡು ಹೊರಟ ಲಗಮಣ್ಣ ಅಭ್ಯಾಸದಂತೆ ಕರೆದ.

"ಏಳೂದಿಲ್ಲೇನ? ಹೊತ್ತಾತು."

"ಎದ್ದು ಎಲ್ಲಿಗಿ ಹೋಗ್ಲಿ?" ಅಂದಳು ಹಾಲವ್ವ, ಕಟ್ಟೆಯ ಮೇಲೆ ಕಾಲು ಚಾಚಿ.

ಇಷ್ಟು ಕೇಳಿಯೂ ನಂಬಿಕೆ ಬರದಿದ್ದರೆ ಮನೆಗೆ ಹೋಗಿ ನಿಮ್ಮ ಟ್ರಂಕು ತೆಗೆದು ನೋಡಿರಿ. ತಳದಲ್ಲಿ ಒಂದು ಕಂಬಳಿ ಇದ್ದೇ ಇರುತ್ತದೆ. ಅದನ್ನು ಇಲ್ಲಿಗೆ ತನ್ನಿರಿ. ಕತೆ ಶುರುವಾದಾಗಿನಿಂದ ಬರಿಗಲ್ಲಿನ ಮೇಲೆ ಕೂತವನು ನಾನು, ಮತ್ತೆ ನಾಳೆಯೂ ನನಗೆ ಇದೇ ಕಟ್ಟೆ.