ಸೊರ್ದೊ ಬೆಟ್ಟದ ಚಳಿಗಾಲ

ಟೆಂಟಿನ ಹೊರಗೆ ಯಾಸ್ನಾ ರೇಡಿಯೊ ಹಿಡಿದು ಪಿಸುಗುಡುತ್ತಿದ್ದಳು. ಒಳಗೆ ಸ್ಲೀಪಿಂಗ್ ಬ್ಯಾಗಿನಲ್ಲಿ ಮೂಗಿನವರೆಗೆ ಹೂತುಕೊಂಡಿದ್ದ ಎಲಿಸೆಯೊನ ಕಿವಿ ನಿಮಿರಿತು. ಗಾಳಿ ಅವಳ ಮಾತನ್ನೆಲ್ಲ ಹೊತ್ತೊಯ್ದು ಒಂದೇ ಒಂದು ತುಂಡನ್ನು ಅವನ ಪಾಲಿಗೆ ಬಿಟ್ಟಿತು.

"ಎಲಿಸೆಯೊಗೆ ಮಾತ್ರ ಹೇಳ್ಬೇಡ ಚಿಕ್ಕಪ್ಪಾ."

ಅಷ್ಟು ಸಾಕಾಯಿತು. ಅನುಮಾನ ಅವನ ತಲೆಯೊಳಗೆ ಮೊದಲೇ ಹೊಕ್ಕಿತ್ತು, ಈಗ ಚಕ್ಕಳಮಕ್ಕಳ ಹಾಕಿಕೊಂಡು ಕೂತಿತು.

ಯಾಸ್ನಾ ಕೆಮ್ಮುತ್ತ ಒಳಗೆ ತೆವಳಿದಳು.

"ಏನಂತೆ ನಿನ್ನ ಚಿಕ್ಕಪ್ಪ ವಿಂಕೊ?" ಅಂದ ಅವನು, ಆದಷ್ಟು ಸಹಜವಾಗಿ.

"ದೋಣೀಲಿ ಕೂತು ಮೀನು ಹುರ್ಕೊಂಡು ತಿಂತಿದ್ದಾನಂತೆ. ನಮ್ಮ ಹೊಟ್ಟೆ ಉರಿಸೋಕೆ."

"ಮತ್ತೆ ಹವಾ?"

"ಇವತ್ತಾಗಲ್ಲ ಮುದುಕಾ. ಪಶ್ಚಿಮದ ಮೋಡ ನೋಡಿದ್ಯಾ? ನಾಳೆ ನೋಡೋಣ."

ನಾಳೆಯಂತೆ ನಾಳೆ! ಟೆಂಟು ಹಾಕಿದಂದಿನಿಂದ ಇದೇ ರಾಗ. ಆ ನಾಳೆ ಆಗಸ್ಟ್ ತಿಂಗಳ ಕೊನೆಯ ದಿನ ಎಂಬುದು ಇವಳಿಗೇನು ಗೊತ್ತಿಲ್ಲವೇ?

ಸೊರ್ದೊ ಅಂದರೆ ಕಿವುಡ. ಎಷ್ಟು ಕೂಗಿದರೂ ಮಾರುತ್ತರ ಕೊಡದ ಬೆಟ್ಟವೆಂದು ಕಡಲ ಕಾಲುವೆಯ ದೋಣಿಯವರು ಇಟ್ಟ ಹೆಸರು. ಬೇಸಿಗೆ ಬಿಟ್ಟು ಬೇರೆ ಕಾಲದಲ್ಲಿ ಅದನ್ನು ಹತ್ತಿದವನು ಒಬ್ಬನೇ, ಯಾಸ್ನಾಳ ಅಪ್ಪ ಯೆರ್ಕೊ. ಅವನು ಹತ್ತಿದ್ದು ಸೆಪ್ಟೆಂಬರ್ ನಡುವಿನಲ್ಲಿ, ಸ್ವಾತಂತ್ರ್ಯದ ಹಬ್ಬದ ಹಿಂದಿನ ವಾರ. ಪುಂತಾ ಅರೇನಾಸಿನ ಪರ್ವತಾರೋಹಣ ಕ್ಲಬ್ಬಿನ ಹಲಗೆಯ ಮೇಲೆ "ಚಳಿಗಾಲದ ಮೊದಲ ಆರೋಹಣ" ಎಂದು ಅವನ ಹೆಸರು ಬರೆದರು. ಅಂದಿನಿಂದ ಜಗಳವೋ ಜಗಳ. ಹಗಲು ರಾತ್ರಿ ಸಮವಾಗುವ ತನಕ ಚಳಿಗಾಲವೇ ಎಂದು ಒಂದು ಗುಂಪು. ದಕ್ಷಿಣ ಧ್ರುವದ ಬಾಗಿಲಲ್ಲಿರುವ ನಮಗೆ ಸೆಪ್ಟೆಂಬರಿನಲ್ಲಿ ಬೆಳಕು ಮರಳಿ ಹೆಬ್ಬಾತುಗಳೂ ಬಂದಿಳಿದಿರುತ್ತವೆ, ಅದೆಂಥ ಚಳಿಗಾಲ, ಜೂನ್ ಜುಲೈ ಆಗಸ್ಟಿನೊಳಗೆ ತುದಿ ಮುಟ್ಟಿದರೆ ಮಾತ್ರ ಲೆಕ್ಕ ಎಂದು ಇನ್ನೊಂದು ಗುಂಪು. ತಟ್ಟೆಯ ಕುರಿಮಾಂಸ ಆರಿಹೋಗುವಷ್ಟು ಹೊತ್ತು ಕಿತ್ತಾಡುತ್ತಿದ್ದರು. ಯೆರ್ಕೊ ತೀರಿಕೊಂಡ ಮೇಲೆ ಎರಡನೆಯ ಗುಂಪು ಗೆದ್ದಿತು. ಆದರೂ ಬಿಗಿ ಲೆಕ್ಕದಲ್ಲಿ ಯಾರಾದರೂ ಹತ್ತುವವರೆಗೆ ಅವನ ಹೆಸರನ್ನು ಅಳಿಸುವುದಿಲ್ಲ ಎಂದಾಯಿತು.

ಎಲಿಸೆಯೊ ಬಾರ್ರಿಯಾಗೆ ಬೇಕಿದ್ದದ್ದು ಅದೇ ಜಾಗ. ಐವತ್ತು ದಾಟಿತ್ತು, ಮಂಡಿ ಸವೆದಿತ್ತು, ಬದುಕಿನಲ್ಲಿ ಯಾವುದರಲ್ಲೂ ಅವನ ಹೆಸರು ಮೊದಲು ಬಂದಿರಲಿಲ್ಲ. ಈ ಆಗಸ್ಟ್ ಬಿಟ್ಟರೆ ಮುಗಿಯಿತು. ಜೊತೆಗೆ ಬಂದವಳು ಯಾರು? ಯೆರ್ಕೊನ ಮಗಳೇ! ಬೆಟ್ಟ ಹತ್ತುವ ಗಟ್ಟಿ ಕಾಲು, ಚಿಕ್ಕಪ್ಪನ ದೋಣಿ ಬೇರೆ ಇದೆ ಎಂದು ಕರೆದುಕೊಂಡು ಬಂದಿದ್ದ. ಈಗ ಎಲ್ಲ ಬಿಡಿಸಿ ನೋಡಿದರೆ ಎಷ್ಟು ಸ್ಪಷ್ಟ! ಸ್ಟೌ ಕೆಟ್ಟಿತೆಂದು ಅರ್ಧ ದಿನ ತಿಕ್ಕಿದ್ದು, ಮೋಡದ ನೆಪ, ಎಲ್ಲಿಂದಲೋ ವಕ್ಕರಿಸಿದ ಈ ಕೆಮ್ಮು. ದಿನ ತಳ್ಳಿದರೆ ಸಾಕು, ಅಪ್ಪನ ಹೆಸರು ಭದ್ರ.

ಬೆಳಗಾಗುವ ಮೊದಲೇ ಅವನಿಗೆ ಎಚ್ಚರವಾಯಿತು. ಗಾಳಿ ನಿಂತಿತ್ತು. ಯಾಸ್ನಾ ಕೆಮ್ಮಿ ಕೆಮ್ಮಿ ದಣಿದು ಬಾಯಿ ತೆರೆದು ಮಲಗಿದ್ದಳು. ಎಬ್ಬಿಸಲೇ ಎಂದುಕೊಂಡ. ಎಬ್ಬಿಸಿದರೆ ಇನ್ನೊಂದು ನೆಪ ಹೇಳುತ್ತಾಳೆ. ಬೂಟು ಕೈಯಲ್ಲಿ ಹಿಡಿದು, ಇದ್ದ ಒಂದೇ ಹಗ್ಗವನ್ನು ಹೆಗಲಿಗೇರಿಸಿ, ಕಳ್ಳನ ಹಾಗೆ ಹೊರಬಿದ್ದ.

ಮಧ್ಯಾಹ್ನ ತುದಿಯಲ್ಲಿ ನಿಂತ. ಗಂಟಲು ಹರಿಯುವಂತೆ ಕೂಗಿದ. ಕಿವುಡ ಬೆಟ್ಟ ಸುಮ್ಮನಿತ್ತು. ಕ್ಯಾಮೆರಾ ತೆಗೆದರೆ ಬ್ಯಾಟರಿ ಸತ್ತಿತ್ತು, ಚಡ್ಡಿಯೊಳಗಿಟ್ಟು ಬಿಸಿ ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಪಶ್ಚಿಮದಿಂದ ಮೋಡ ಬಂದು ಎಲ್ಲವನ್ನೂ ನುಂಗಿತು. ಅವಳು ಹೇಳಿದ್ದ ಮೋಡವೇ. ಇಳಿಯುವಾಗ ತನ್ನ ಬೂಟು ತನಗೆ ಕಾಣುತ್ತಿರಲಿಲ್ಲ. ಎರಡು ಸಲ ಬಿರುಕಿನ ಅಂಚಿಗೆ ಹೋಗಿ ಹಿಂದೆ ಸರಿದ. ಸತ್ತೆ ಎಂದುಕೊಳ್ಳುವಾಗ ಕೆಳಗೆಲ್ಲೋ ಟಣ್, ಟಣ್ ಎಂದು ಸದ್ದಾಯಿತು. ಅದನ್ನೇ ಹಿಡಿದು ಇಳಿದ.

ಎರಡು ಶಿಖರಗಳ ನಡುವಿನ ತಗ್ಗಿನಲ್ಲಿ ಯಾಸ್ನಾ ಕೂತಿದ್ದಳು. ಹಗ್ಗವಿಲ್ಲದೆ ಹಿಮನದಿ ದಾಟಿ ಬಂದಿದ್ದಳು. ಅಡುಗೆಯ ಪಾತ್ರೆಯನ್ನು ಹಿಮಗೊಡಲಿಯಿಂದ ಬಡಿಯುತ್ತಲೇ ಇದ್ದಳು. ಬಲಗೈಯ ಗ್ಲೌಸು ಗಾಳಿಗೆ ಹಾರಿಹೋಗಿ ಬೆರಳುಗಳು ಮೇಣದ ಬಣ್ಣಕ್ಕೆ ತಿರುಗಿದ್ದವು.

"ಕಂಡೆ ಮುದುಕಾ!" ಅಂದಳು, ಹಲ್ಲು ಕಟಕಟಿಸುತ್ತ. "ಮೋಡ ಮುಚ್ಚೋಕೆ ಮೊದ್ಲೇ ಕಂಡೆ. ಮಂಗನ ಥರ ಕುಣೀತಿದ್ದೆ."

ಅವನು ಅವಳ ಕೈಯನ್ನು ತನ್ನ ಕಂಕುಳಲ್ಲಿ ಒತ್ತಿಕೊಂಡ. ಆಗ ಅವನ ತಲೆಗೆ ಬಂದದ್ದೇನು ಗೊತ್ತೇ? ಕಂಡದ್ದನ್ನು ಇವಳು ಕ್ಲಬ್ಬಿನಲ್ಲಿ ಹೇಳುತ್ತಾಳೆಯೇ ಅಂತ! ಥೂ, ನಾಚಿಕೆಯಾಗಬೇಕು. ಅನುಮಾನಕ್ಕೆ ಮಾತ್ರ ನಾಚಿಕೆ ಇರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಕ್ಲಬ್ಬಿನ ಸಭೆ ಸೇರಿತು. ಅಷ್ಟರಲ್ಲಿ ಡಾಕ್ಟರು ಯಾಸ್ನಾಳ ಬಲಗೈಯ ಎರಡು ಬೆರಳಿನ ತುದಿ ತೆಗೆದಿದ್ದರು. ಅಧ್ಯಕ್ಷ ದೋನ್ ಎವಾರಿಸ್ತೊ ಕನ್ನಡಕ ಒರೆಸಿಕೊಂಡು, "ಫೋಟೊ ಇಲ್ಲ ಅಂತೀರಿ. ಹಾಗಾದ್ರೆ ಯಾರ ಮಾತು ನಂಬೋದು?" ಅಂದರು.

ವಿಂಕೊ ಮೊದಲು ಎದ್ದ.

"ನನ್ನ ಕಷ್ಟ ಯಾರಿಗ್ ಹೇಳ್ಲಿ! ಕೊಲ್ಲಿ ಹೆಪ್ಪುಗಟ್ತಾ ಇತ್ತು ಸ್ವಾಮೀ, ದೋಣಿ ಸುತ್ತ ಮಂಜುಗಡ್ಡೆ ಕಟಕಟ ಅಂತಿತ್ತು. ಇಳಿದು ಬನ್ರೋ, ಸಿಕ್ಕಾಕ್ಕೊಳ್ತೀನಿ ಅಂದೆ. ಈ ಮಹಾತಾಯಿ, ಇನ್ನೆರಡು ದಿನ ತಡ್ಕೊ, ಎಲಿಸೆಯೊಗೆ ಮಾತ್ರ ಹೇಳ್ಬೇಡ ಚಿಕ್ಕಪ್ಪಾ, ಗೊತ್ತಾದ್ರೆ ವಾಪಸ್ ಹೊರಡ್ತಾನೆ ಅಂದ್ಳು!"

ಎಲ್ಲರೂ ನಕ್ಕರು. ಗಾಳಿ ಅಂದು ಹೊತ್ತೊಯ್ದಿದ್ದ ಉಳಿದ ಮಾತು ಎಲಿಸೆಯೊಗೆ ಈಗ ಕೇಳಿಸಿತು.

"ಯಾಸ್ನಾ, ನಿಂಗೆ ಗೊತ್ತಲ್ಲ," ಅಂದರು ದೋನ್ ಎವಾರಿಸ್ತೊ ಮೆಲ್ಲಗೆ. "ನೀನು ಹೂಂ ಅಂದ್ರೆ ನಿಮ್ಮಪ್ಪನ ಹೆಸರು ಅಳಿಸ್ಬೇಕು. ಯೋಚ್ನೆ ಮಾಡಿ ಹೇಳು."

"ಯೋಚ್ನೆ ಮಾಡೋಕೇನಿದೆ? ಆಗಸ್ಟ್ ಇನ್ನೂ ಮುಗಿದಿರ್ಲಿಲ್ಲ. ತುದೀಲಿ ನಿಂತಿದ್ದನ್ನ ಕಣ್ಣಾರೆ ಕಂಡಿದೀನಿ. ಅಪ್ಪ ಹತ್ತಿದ್ದು ಸೆಪ್ಟೆಂಬರಲ್ಲಿ. ಅಳ್ಸಿ." ಅವಳು ಎಲಿಸೆಯೊನ ಕಡೆ ತಿರುಗಿದಳು. "ಇನ್ನೊಂದ್ ಮಾತು. ನನಗೆ ಕೆಮ್ಮು ಜಾಸ್ತಿ ಅಂತ ಎಬ್ಬಿಸದೆ ಒಬ್ನೇ ಹೋದ. ಅಂಥ ಜೊತೆಗಾರ ಎಲ್ಲಿ ಸಿಗ್ತಾನೆ?"

ಚಪ್ಪಾಳೆಯೋ ಚಪ್ಪಾಳೆ.

ಊಟಕ್ಕೆ ಇಬ್ಬರೂ ಅಕ್ಕಪಕ್ಕ ಕೂತರು. ಅವಳ ಬಲಗೈಗೆ ಇನ್ನೂ ಬ್ಯಾಂಡೇಜಿತ್ತು, ಎಲಿಸೆಯೊ ಅವಳ ತಟ್ಟೆಯ ಮಾಂಸವನ್ನು ಸಣ್ಣಗೆ ಕತ್ತರಿಸಿ ಕೊಡುತ್ತಿದ್ದ. ಸಂತೋಷ, ಸಂಕಟ ಎರಡೂ ಒಟ್ಟಿಗೆ ಉಕ್ಕಿ ನಾಲಿಗೆ ಸಡಿಲವಾಯಿತು.

"ನೀನು ಇಲ್ಲ ಅಂತೀಯೇನೋ ಅಂದ್ಕೊಂಡಿದ್ದೆ ಯಾಸ್ನಾ."

"ಏನು ಇಲ್ಲ ಅಂತ?"

"ಕಾಣ್ಲಿಲ್ಲ ಅಂತ. ನಿಮ್ಮಪ್ಪನ ಹೆಸರು ಉಳೀಲಿ ಅಂತ..."

ಅವಳು ಅಗಿಯುವುದನ್ನು ನಿಲ್ಲಿಸಿದಳು.

"ಯಾವಾಗಿಂದ ಹಾಗಂದ್ಕೊಂಡಿದ್ದೆ?"

ಸುಳ್ಳು ಹೇಳಬಹುದಿತ್ತು. ಅವನು ಆಗಲೇ ಸಣ್ಣದಾಗಿದ್ದ ತುಂಡನ್ನು ಇನ್ನೂ ಸಣ್ಣಗೆ ಕತ್ತರಿಸಿದ. ಯಾಸ್ನಾ ಅವನ ಮುಖ ನೋಡಿದಳು, ತನ್ನ ಬ್ಯಾಂಡೇಜ್ ನೋಡಿಕೊಂಡಳು.

"ಅವತ್ತು ಬೆಳಿಗ್ಗೆ," ಅಂದಳು, "ನನ್ನ ಕೆಮ್ಮಿಗೋಸ್ಕರ ಅಲ್ವಾ ನೀನು ಬಿಟ್ಟು ಹೋಗಿದ್ದು?"

ಎಲಿಸೆಯೊ ಕೈಯಲ್ಲಿದ್ದ ಚಾಕುವನ್ನೇ ನೋಡುತ್ತ ಕೂತ. ಆಚೆ ಹಲಗೆಯ ಹತ್ತಿರ ಯಾರೋ ಬಣ್ಣ ಕಲಸುತ್ತಿದ್ದರು. "ಎಲಿಸೆಯೊ, ಬಾರಯ್ಯಾ, ನಿನ್ನ ಹೆಸರು ಬರೀತಾ ಇದೀವಿ!" ಎಂದು ಕೂಗಿದರು.

ಯಾಸ್ನಾ ಎಡಗೈಯಿಂದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅವನ ಕೈಯಿಂದ ಚಾಕು ತೆಗೆದುಕೊಂಡು ಮಾಂಸ ಕೊಯ್ಯತೊಡಗಿದಳು. ತುಂಡು ಜಾರಿತು, ಮತ್ತೆ ಜಾರಿತು. ಅವನು ತಟ್ಟೆ ಹಿಡಿಯಲು ಕೈ ಚಾಚಿದ.

"ಬೇಡ," ಅಂದಳು.