ಭಾವನ ಕುರ್ಚಿಗೆ ಬಂದ ಬಳ್ಳಿ

ಶ್ವಾಸಕೋಶದ ಕಾಯಿಲೆಯಿಂದಾಗಿ ನನ್ನ ಭಾವ ಹಲವು ವರ್ಷ ಆಮ್ಲಜನಕದ ಯಂತ್ರಕ್ಕೆ ಕಟ್ಟುಬಿದ್ದಿದ್ದರು. ಮೂಗಿನ ಕೊಳವೆ ಎಟುಕುವಷ್ಟೇ ಅವರ ಓಡಾಟ. ಆದ್ದರಿಂದ ಹಿತ್ತಲಿನ ಕುಂಡಗಳನ್ನೆಲ್ಲ ಆ ಅಳತೆಯೊಳಗೆ, ಕೈವಾರದಲ್ಲಿ ಎಳೆದಂತೆ, ಅರ್ಧವೃತ್ತವಾಗಿ ಇಡಿಸಿಕೊಂಡಿದ್ದರು. ಬೇಲಿಯ ನೀಲಿ ಹೂವಿನ ಬಳ್ಳಿಯೊಂದು ಮಾತ್ರ ವೃತ್ತದ ಹೊರಗೆ ಬೇರೂರಿತ್ತು. ಅದರ ಹೂವನ್ನು ಮುಟ್ಟಲೇಬೇಕೆಂಬ ಹಟ ಅವರದು. ಒಂದು ದಿನ ಬೇಲಿಯಿಂದ ತಮ್ಮ ಕುರ್ಚಿಯವರೆಗೆ ದಾರ ಕಟ್ಟಿಸಿದರು.

"ಇದೇನು ಭಾವ?" ಎಂದೆ.

"ನಾನಂತೂ ಹೋಗೋ ಹಾಗಿಲ್ಲ ಕಣಯ್ಯ. ಅದೇ ಬರಲಿ, ಅದಕ್ಕೇನು ರೋಗ?"

ಶಾಲೆಯಲ್ಲಿ ಗಣಿತದ ಮೇಷ್ಟ್ರಾದ ನಾನು ಬಳ್ಳಿಯ ವೇಗವನ್ನು ಲೆಕ್ಕ ಹಾಕಿ, "ಈ ಬೇಸಿಗೆಗೆ ತಲುಪಲ್ಲ" ಎಂದೆ.

ಅವರು ನಡುವೆ ಆಸ್ಪತ್ರೆ ಸೇರಿದಾಗಲೂ ಕುರ್ಚಿಯನ್ನು ಅಲುಗಿಸಲು ಯಾರಿಗೂ ಅಪ್ಪಣೆಯಿರಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ಕುರ್ಚಿಯ ಕೈ ಮೇಲೊಂದು ಹೂ ಅರಳಿತು. ಭಾವ ಅದನ್ನು ಬೆರಳಿನಿಂದ ಸವರಿ, ಏದುಸಿರಿನಲ್ಲೇ ನಕ್ಕರು.

"ಮೇಷ್ಟ್ರೇ, ನಿಮಗೆ ಸೊನ್ನೆ!"

ಭಾವ ತೀರಿಕೊಂಡ ಬಳಿಕ ಒಂದು ಸಂಜೆ ಅಕ್ಕ ಹಿತ್ತಲಿಗೆ ಚಹಾ ತಂದಳು. ಕುಳಿತುಕೊಳ್ಳಲೆಂದು ಆ ಕುರ್ಚಿಯಿಂದ ಬಳ್ಳಿಯನ್ನು ಬಿಡಿಸಹೊರಟೆ.

"ಮುಟ್ಟಬೇಡ ಕಣೋ," ಎಂದಳು ಅಕ್ಕ. "ಹೋದ ಮೇಲೂ ಕುರ್ಚಿ ಬಿಟ್ಟುಕೊಡದ ಮಹಾರಾಯ ನಿಮ್ಮ ಭಾವ."

ನಾನು ನಿಂತೇ ಚಹಾ ಕುಡಿದೆ.